ಬಿ.ಎಡ್ ಮುಗಿಸಿ ಫೈನಾನ್ಸ್ ಕಂಪನಿಯಲ್ಲಿದ್ದೇನೆ. ಅತಿಥಿ ಶಿಕ್ಷಕನಾಗಿ ಹೋಗಲೇ, ಕಾಯಂ ನೇಮಕಾತಿ ಬರುವವರೆಗೆ ಕಾಯಲೇ?

ನಿಮ್ಮ ಈ ಪ್ರಶ್ನೆ ಓದಿದಾಗ ನಾನೇ ಬರೆದದ್ದು ಅನ್ನಿಸಿತು. ಬೈಕು, ವಸೂಲಿ, ರಾತ್ರಿ ಮನೆಗೆ ಬಂದು ಬಿ.ಎಡ್ ನೋಟ್ಸ್ ತೆಗೆದು ನೋಡೋದು, ಎಲ್ಲಾ ನನ್ನದೇ.

ನಾನು ವಿಜಯಪುರ ಜಿಲ್ಲೆಯವನು. ಬಿ.ಎ ಆಯ್ತು. ಬಿ.ಎಡ್ ಎರಡು ವರ್ಷದ ಕೋರ್ಸ್ ಆದಾಗ ಸೇರಿದ ಮೊದಲ ಬ್ಯಾಚ್ ನಮ್ಮದು, 2017ರಲ್ಲಿ ಮುಗಿಯಿತು. ಮುಂದೆ ಒಂದು ವರ್ಷ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ, ಪಿಎಸ್‌ಐ ಅಂತ ಓದಿದೆ. ಅಪ್ಪನ ಹತ್ತಿರ ದುಡ್ಡು ಮುಗಿಯಿತು. ಊರಿಗೆ ಬಂದು ಸಾಲ ವಸೂಲಿ ಕೆಲಸಕ್ಕೆ ಸೇರಿದೆ. ಮುದ್ದೇಬಿಹಾಳ, ತಾಳಿಕೋಟೆ, ಸುತ್ತಲಿನ ಹಳ್ಳಿಗಳು. ಸಂಬಳ ಟೈಮಿಗೆ ಬರುತ್ತಿತ್ತು.

ಇನ್ನು ನನ್ನ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅದರ ಹತ್ತಿರದಲ್ಲೇ ಇದ್ದೀರಿ. 2021ರ ಆಗಸ್ಟ್ 22ಕ್ಕೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಇತ್ತು. ನಾನು ಅರ್ಜಿಯನ್ನೇ ಹಾಕಲಿಲ್ಲ. ಮುಂಚೆ ಒಂದ್ಸಲ ಬರೆದು 86 ಅಂಕಕ್ಕೆ ನಿಂತಿದ್ದೆ. 150ಕ್ಕೆ 90 ಬೇಕಿತ್ತು. ಆ ನಾಲ್ಕು ಅಂಕದ ಬೇಸರ ಮನಸ್ಸಲ್ಲೇ ಇತ್ತು. ಜೊತೆಗೆ ಒಂದು ಲೆಕ್ಕ ಹಾಕಿದ್ದೆ: ಪ್ರಮಾಣಪತ್ರ ನಡೆಯೋದು ಏಳೇ ವರ್ಷ, ನೇಮಕಾತಿ ಸುದ್ದಿಯೇ ಇಲ್ಲ, ಈಗ ಬರೆದರೆ ವರ್ಷಗಳು ಸುಮ್ನೆ ಹಾಳಾಗುತ್ತವೆ, ಹುದ್ದೆ ಕರೆದಾಗ ಬರೆದರಾಯ್ತು. ಈ ಲೆಕ್ಕವೇ ತಪ್ಪು. ಏಳು ವರ್ಷದ ನಿಯಮ ತೆಗೆದು ಟಿಇಟಿ ಪ್ರಮಾಣಪತ್ರಕ್ಕೆ ಜೀವನಪೂರ್ತಿ ಮಾನ್ಯತೆ ಕೊಟ್ಟಿದ್ದು ಅದೇ 2021ರ ಜೂನ್‌ನಲ್ಲಿ. ಪೇಪರಲ್ಲಿ ಬಂದಿತ್ತು. ನಾನು ಓದಿರಲಿಲ್ಲ.

2022ರ ಮಾರ್ಚ್‌ನಲ್ಲಿ 6ರಿಂದ 8ನೇ ತರಗತಿಗೆ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆ ಕರೆದರು. ತಾಳಿಕೋಟೆಯ ಪೆಟ್ರೋಲ್ ಬಂಕ್ ಮುಂದೆ ನಿಂತು ಮೊಬೈಲಲ್ಲಿ ಅಧಿಸೂಚನೆ ಓದಿದೆ. ಟಿಇಟಿಯಲ್ಲಿ ಈ ತರಗತಿಗಳಿಗಿರುವ ಪೇಪರ್ 2 ಪಾಸಾಗಿರಬೇಕು ಅಂತಿತ್ತು. ಪರೀಕ್ಷೆ ಮೇ 21, 22ಕ್ಕೆ. ನಡುವೆ ಇನ್ನೊಂದು ಟಿಇಟಿ ಇರಲಿಲ್ಲ. ಅರ್ಜಿ ಹಾಕೋ ಅರ್ಹತೆಯೇ ನನಗಿರಲಿಲ್ಲ. ಬಿ.ಎಡ್‌ನಲ್ಲಿ ನನ್ನ ಪಕ್ಕ ಕೂತವರು ಪರೀಕ್ಷೆ ಬರೆದು ನೌಕರಿಗೆ ಸೇರಿದರು. ಮುಂದಿನ ಟಿಇಟಿ ಬಂದಿದ್ದು ನವೆಂಬರ್ 6ಕ್ಕೆ. ಅದನ್ನು 104 ಅಂಕದಲ್ಲಿ ಪಾಸ್ ಮಾಡಿದೆ. ಅಷ್ಟೊತ್ತಿಗೆ ಬಸ್ಸು ಹೋಗಿತ್ತು.

ಆದರೆ ಅದೇ 2022ರ ಜೂನ್‌ನಲ್ಲಿ ಫೈನಾನ್ಸ್ ಕೆಲಸ ಬಿಟ್ಟು ಒಂದು ತಾಂಡಾದ ಶಾಲೆಗೆ ಅತಿಥಿ ಶಿಕ್ಷಕನಾಗಿ ಹೋಗಿದ್ದೆ. ನನ್ನ ವಿಷಯ ಸಮಾಜ. ಗಣಿತಕ್ಕೆ ಮಾಸ್ತರ ಇರಲಿಲ್ಲ, ಅದೂ ನನ್ನ ತಲೆಗೇ ಬಂತು. ದಸರಾ ಮುಗಿದ ಮೇಲೆ ಬೆಂಚುಗಳು ಖಾಲಿಯಾಗತೊಡಗಿದವು. ಅಪ್ಪ ಅವ್ವನ ಜೊತೆ ಮಕ್ಕಳೂ ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಹೋಗುತ್ತವೆ. 6ನೇ ತರಗತಿಯ ಒಬ್ಬ ಹುಡುಗಿ ಮಾರ್ಚ್‌ನಲ್ಲಿ ತಿರುಗಿ ಬಂದಳು. ಬೆರಳ ತುದಿಯಲ್ಲೆಲ್ಲಾ ಕಬ್ಬಿನ ಗರಿ ಕೊಯ್ದ ಗೆರೆಗಳು. ಭಾಗಾಕಾರ ಕೊಟ್ಟರೆ ಪಾಟಿ ನೋಡುತ್ತಾ ಕೂತುಬಿಡುತ್ತಿದ್ದಳು.

ಒಂದಿನ ಕೇಳಿದೆ, "ನಿಮ್ಮ ಗ್ಯಾಂಗಿನ್ಯಾಗ ಆರು ಮಂದಿ ಅದೀರಿ. ಟ್ರ್ಯಾಕ್ಟರಿಗೆ 84 ಹೊರೆ ಹಾಕಬೇಕು. ಒಬ್ಬೊಬ್ಬರಿಗೆ ಎಷ್ಟು ಬರ್ತಾವ?" ತುಟಿ ಅಲ್ಲಾಡಿಸುತ್ತಾ ತನ್ನ ಲಂಬಾಣಿಯಲ್ಲೇ ಎಣಿಸಿದಳು. ಬೆರಳು ಮಡಚಿದಳು, ಬಿಚ್ಚಿದಳು. "ಹದಿನಾಲ್ಕು ರೀ ಸರ್." ಅದನ್ನೇ ಬೋರ್ಡಿನ ಮೇಲೆ ಭಾಗಾಕಾರದ ಮನೆ ಹಾಕಿ ಬರೆದು ತೋರಿಸಿದೆ. ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡಳು, "ಇನ್ನೊಂದು ಹಾಕ್ರಿ ಸರ್" ಅಂದಳು. ನಾಲ್ಕು ವರ್ಷ ವಸೂಲಿಯಲ್ಲಿ ಯಾರೂ ನನ್ನನ್ನು ಇನ್ನೊಂದು ಸಲ ಬಾ ಅಂದಿರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಆರ್ಡರ್ ಕೈಗೆ ಬಂದ ದಿನದಿಂದ ಶಿಕ್ಷಕ, ಅಲ್ಲಿವರೆಗೆ ಬೇರೆ ಏನೋ, ಅಂತ ನೀವು ಅಂದುಕೊಂಡಿದ್ದೀರಿ. ಐದು ವರ್ಷ ನಾನೂ ಹಾಗೇ ಇದ್ದೆ. ಈ ಕೆಲಸ ನಿಮಗೆ ಒಗ್ಗುತ್ತೋ ಇಲ್ಲವೋ ಅಂತ ಕಾಯುತ್ತಾ ಕೂತರೆ ಗೊತ್ತಾಗೋದಿಲ್ಲ. ಜೂನ್‌ನಲ್ಲಿ ಹೋಗಿ ಸೇರಿ. ಕಷ್ಟ ಇದೆ. ಗೌರವಧನ ಕಡಿಮೆ, ಅದೂ ತಡವಾಗಿ ಬರುತ್ತೆ. ಬೇಸಿಗೆ ರಜೆಗೆ ದುಡ್ಡಿಲ್ಲ, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಮನೆಯಲ್ಲಿ ಸಾಲದ ಕಂತು ಇದ್ದರೆ ಮೊದಲು ಅದರ ದಾರಿ ನೋಡಿಕೊಳ್ಳಿ. ನಾನು ರಜೆಯಲ್ಲಿ ತಮ್ಮನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತೇನೆ.

ಟಿಇಟಿ ಮಾತ್ರ ಪಾಸಾಗೋವರೆಗೆ ಯಾವ ವರ್ಷವೂ ಬಿಡಬೇಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯೋದೂ ಇಲ್ಲ. ಬಿ.ಎಡ್ ಆದವರಿಗೆ ಪೇಪರ್ 2 ಮುಖ್ಯ. 1ರಿಂದ 5ನೇ ತರಗತಿ ಹುದ್ದೆಗೆ ಬಿ.ಎಡ್ ನಡೆಯೋದಿಲ್ಲ ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇನ್ನೊಂದು, ನಮ್ಮ ಜಿಲ್ಲೆ ಕಲಬುರಗಿ ಪಕ್ಕದಲ್ಲೇ ಇದ್ದರೂ 371(ಜೆ)ಗೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡೋ ಸಂವಿಧಾನದ ವಿಧಿಗೆ, ಸೇರಿಲ್ಲ. ಆ 15,000ದಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಮೀಸಲಿತ್ತು. ಹುದ್ದೆಯ ಸಂಖ್ಯೆ ನೋಡುವಾಗ ಇದು ನೆನಪಿರಲಿ.

ನನಗೆ ಇದು ನಾಲ್ಕನೇ ವರ್ಷ, ಇನ್ನೂ ಅತಿಥಿಯೇ. ಆ ಹುಡುಗಿ ಈಗ ಹೈಸ್ಕೂಲಲ್ಲಿ 9ನೇ ತರಗತಿ. ದಸರಾಕ್ಕೆ ಮುಂಚೆ ಅವರ ಮನೆಗೆ ಹೋಗಬೇಕು. ಈ ಸಲ ಅವಳನ್ನು ಅಜ್ಜಿ ಹತ್ತಿರ ಬಿಟ್ಟು ಹೋಗಿ ಅಂತ ಅವರಪ್ಪನಿಗೆ ಹೇಳಬೇಕು.