‘ಸ್ವತಃ ಬರೆದದ್ದು’ ಎಂದು ಹೇಳಿಕೊಳ್ಳಬೇಕಾಗಿ ಬಂದ ಪುಸ್ತಕಗಳು

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ. ಅಮೆರಿಕದ ಗುಲಾಮಗಿರಿ ವಿರೋಧಿ ಸಾಹಿತ್ಯದ ಪತ್ರಿಕೆಗಾಗಿ ಫ್ರೆಡರಿಕ್ ಡಗ್ಲಸ್ ಅವರ 1845ರ ಆತ್ಮಕಥನವನ್ನು ಓದುತ್ತಿದ್ದೇನೆ. ಶೀರ್ಷಿಕೆಯಲ್ಲೇ ‘ಸ್ವತಃ ಬರೆದದ್ದು’ ಎಂಬ ಮಾತಿದೆ. ಆತ್ಮಕಥೆ ಎಂದ ಮೇಲೆ ಅವರೇ ಬರೆದಿರುತ್ತಾರಲ್ಲವೇ? ಕಥನ ಶುರುವಾಗುವ ಮೊದಲು ಇಬ್ಬರು ಬಿಳಿಯರ ಮಾತುಗಳೂ ಇವೆ. ಪ್ರಕಟಿಸಿದ್ದೂ ಚಳವಳಿಯ ಕಚೇರಿಯೇ. ಇದನ್ನು ಸಾಹಿತ್ಯವೆಂದು ಓದಬೇಕೋ, ಪ್ರಚಾರವೆಂದು ಓದಬೇಕೋ?
– ಓದುಗರು, ಧಾರವಾಡ

ಉತ್ತರ: ಶೀರ್ಷಿಕೆಯ ಆ ಎರಡು ಪದಗಳ ಮೇಲೆ ನಿಮ್ಮ ಕಣ್ಣು ನಿಂತದ್ದು ನನಗೆ ಬಹಳ ಸಂತೋಷ ತಂದಿದೆ. ನಿಮ್ಮ ಎರಡನೆಯ ಪ್ರಶ್ನೆಗೆ ದಾರಿ ಅಲ್ಲಿಂದಲೇ ಹೊರಡುತ್ತದೆ. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ದಕ್ಷಿಣ ಕೆರೊಲಿನಾದಲ್ಲಿ 1740ರಲ್ಲೇ ಇಂಥ ಕಾಯಿದೆ ಬಂದಿತ್ತು, ಉತ್ತರ ಕೆರೊಲಿನಾ 1830ರಲ್ಲಿ ತನ್ನದನ್ನು ಮಾಡಿಕೊಂಡಿತು. ಅಲ್ಲಿನ ನ್ಯಾಯಾಲಯಗಳಲ್ಲಿ ಬಿಳಿಯರ ವಿರುದ್ಧ ಕಪ್ಪು ಜನರ ಸಾಕ್ಷ್ಯ ನಡೆಯುತ್ತಿರಲಿಲ್ಲ. ಓದಲು ಬರೆಯಲು ಬಿಡದ, ಬಾಯಿಬಿಟ್ಟು ಹೇಳಿದರೂ ಕೇಳದ ವ್ಯವಸ್ಥೆಯಿಂದ ತಪ್ಪಿಸಿಕೊಂಡು ಬಂದ ಮನುಷ್ಯನೊಬ್ಬ ಪುಸ್ತಕ ಬರೆದಾಗ, ಓದುಗರ ಮೊದಲ ಮಾತು ‘ಇದನ್ನು ನಿಜಕ್ಕೂ ಇವನೇ ಬರೆದನೇ’ ಎಂಬುದೇ ಆಗಿರುತ್ತಿತ್ತು. ಶೀರ್ಷಿಕೆಯ ಆ ಮಾತು ಈ ಅನುಮಾನಕ್ಕೆ ಮುಂಚಿತವಾಗಿಯೇ ಕೊಟ್ಟ ಉತ್ತರ.

ಈ ಅನುಮಾನ ಡಗ್ಲಸ್ ಅವರಿಗಿಂತ ಬಹಳ ಹಳೆಯದು. ಬಾಸ್ಟನ್ನಿನ ಮನೆಯೊಂದರಲ್ಲಿ ಗುಲಾಮಳಾಗಿದ್ದ ಫಿಲಿಸ್ ವೀಟ್ಲಿ ಅವರ ಕವನಸಂಕಲನ 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ, ಈ ಕವನಗಳು ಆಕೆಯವೇ ಎಂದು ಬಾಸ್ಟನ್ನಿನ 18 ಮಂದಿ ಗಣ್ಯರು ಸಹಿ ಹಾಕಿಕೊಟ್ಟ ಪತ್ರವನ್ನು ಪುಸ್ತಕದ ಮೊದಲಲ್ಲಿ ಸೇರಿಸಬೇಕಾಯಿತು. 1789ರಲ್ಲಿ ಬಂದ ಒಲೌಡಾ ಇಕ್ವಿಯಾನೊ ಅವರ ಆತ್ಮಕಥನದ ಶೀರ್ಷಿಕೆಯಲ್ಲೂ ‘ಸ್ವತಃ ಬರೆದದ್ದು’ ಎಂದಿದೆ. ಬರ್ಮುಡಾದ ಮೇರಿ ಪ್ರಿನ್ಸ್ ಅವರ ಕಥನ 1831ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು; ಆಕೆ ಹೇಳಿದ್ದನ್ನು ಬೇರೊಬ್ಬರು ಬರೆದುಕೊಂಡದ್ದರಿಂದ ಅದರ ಮೇಲೆ ‘ಸ್ವತಃ ಹೇಳಿದ್ದು’ ಎಂದು ಅಚ್ಚಾಗಿದೆ. ಉಪ್ಪಿನ ಗದ್ದೆಗಳ ನೀರಿನಲ್ಲಿ ದಿನವಿಡೀ ನಿಂತು ಕಾಲೆಲ್ಲ ಹುಣ್ಣಾಗುತ್ತಿದ್ದ ಬಗೆಯನ್ನು ಆಕೆ ಹೇಳುವ ಪುಟಗಳು ಓದಿದವರನ್ನು ಬಿಡುವುದಿಲ್ಲ. ಆದರೂ ಅನುಮಾನ ತೀರಲಿಲ್ಲ. ಅದೇ ವರ್ಷದ ಮೂರನೆಯ ಮುದ್ರಣಕ್ಕೆ ಇನ್ನೊಂದು ಪತ್ರ ಸೇರಿತು: ಸಂಪಾದಕರಾದ ಥಾಮಸ್ ಪ್ರಿಂಗಲ್ ಅವರ ಪತ್ನಿ, ಮೇರಿ ಪ್ರಿನ್ಸ್ ಅವರ ಬೆನ್ನಿನ ಮೇಲಿನ ಚಾವಟಿಯ ಗುರುತುಗಳನ್ನು ತಾವು ಕಣ್ಣಾರೆ ಕಂಡಿರುವುದಾಗಿ ಬರೆದುಕೊಟ್ಟ ಪತ್ರ. ಹೆಂಗಸೊಬ್ಬಳ ಮಾತನ್ನು ನಂಬಿಸಲು ಆಕೆಯ ಬೆನ್ನನ್ನು ಸಾಕ್ಷಿಗೆ ಕರೆಯಬೇಕಾಯಿತು. ಇದನ್ನು ತರಗತಿಯಲ್ಲಿ ಓದಿಸುವಾಗಲೆಲ್ಲ ನನಗೆ ಮುಂದೆ ಮಾತು ಹೊರಡಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಡಗ್ಲಸ್ ಬರೆಯಲು ಕುಳಿತದ್ದು ಈ ಪರಂಪರೆಯ ನಡುವೆ. 1838ರ ಸೆಪ್ಟೆಂಬರಿನಲ್ಲಿ ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡ ಅವರು 1841ರಿಂದ ಚಳವಳಿಯ ವೇದಿಕೆಗಳಲ್ಲಿ ಮಾತನಾಡತೊಡಗಿದರು. ‘ನಡೆದದ್ದನ್ನು ನೀವು ಹೇಳಿ, ತತ್ತ್ವವನ್ನು ನಾವು ನೋಡಿಕೊಳ್ಳುತ್ತೇವೆ’ ಎಂದು ಜೊತೆಗಾರರು ಹೇಳುತ್ತಿದ್ದರೆಂದೂ, ಮಾತಿನಲ್ಲಿ ತೋಟದಾಳಿನ ಧಾಟಿ ಸ್ವಲ್ಪ ಉಳಿದಿರಲಿ ಎಂಬ ಸಲಹೆ ಬಂದಿತ್ತೆಂದೂ ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಅವರ ಮಾತುಗಾರಿಕೆ ಎಷ್ಟು ಸೊಗಸಾಗಿತ್ತೆಂದರೆ, ಈ ಮನುಷ್ಯ ಎಂದೂ ಗುಲಾಮನಾಗಿದ್ದಿರಲಾರ ಎಂದು ಸಭಿಕರು ಆಡಿಕೊಳ್ಳತೊಡಗಿದರು. ಆಗ ಅವರು ಊರು, ಒಡೆಯ, ಮೇಸ್ತ್ರಿ ಎಲ್ಲವನ್ನೂ ಹೆಸರು ಹಿಡಿದು ಹೇಳುವ ಪುಸ್ತಕ ಬರೆದರು. ನಾಲ್ಕು ತಿಂಗಳಲ್ಲಿ ಸುಮಾರು 5,000 ಪ್ರತಿಗಳು ಖರ್ಚಾದವು. ಒಡೆಯನ ಹೆಸರು ಬಯಲಾದದ್ದರಿಂದ ಮತ್ತೆ ಸೆರೆಸಿಗುವ ಭಯವಿತ್ತು. ಅದೇ ವರ್ಷ ಅವರು ಹಡಗು ಹತ್ತಿ ಐರ್ಲೆಂಡ್ ಮತ್ತು ಬ್ರಿಟನ್ನಿಗೆ ಹೋದರು. ಅಲ್ಲಿನ ಸ್ನೇಹಿತರು ಹಣ ಕೂಡಿಸಿ, 1846ರಲ್ಲಿ ಸುಮಾರು 711 ಡಾಲರ್ ತೆತ್ತು ಅವರನ್ನು ಕಾನೂನಿನ ಕಣ್ಣಿನಲ್ಲೂ ಸ್ವತಂತ್ರರನ್ನಾಗಿಸಿದರು.

ಈ ನಡುವೆ ನಡೆದದ್ದೊಂದನ್ನು ಹೇಳಲೇಬೇಕು. ಅವರ ಹಳೆಯ ಒಡೆಯರ ನೆರೆಯವನಾಗಿದ್ದ ಥಾಂಪ್ಸನ್ ಎಂಬಾತ ಪತ್ರಿಕೆಗೆ ಬರೆದು, ಫ್ರೆಡರಿಕ್ ಬೇಲಿ ಎಂಬ ಹೆಸರಿನಲ್ಲಿದ್ದ ಆ ಗುಲಾಮನನ್ನು ತಾನು ಚೆನ್ನಾಗಿ ಬಲ್ಲೆ, ಅಕ್ಷರ ತಿಳಿಯದ ಆ ಸಾಮಾನ್ಯ ಆಳಿಗೆ ಇಂಥ ಪುಸ್ತಕ ಬರೆಯುವ ಶಕ್ತಿಯಿಲ್ಲ ಎಂದ. ಡಗ್ಲಸ್ ಆತನಿಗೆ ಸಾರ್ವಜನಿಕವಾಗಿ ಕೃತಜ್ಞತೆ ಹೇಳಿದರು. ತಾನು ಮೇರಿಲ್ಯಾಂಡಿನಲ್ಲಿ ಗುಲಾಮನಾಗಿದ್ದುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೆಲ್ಲಿ ಸಿಗಬೇಕಿತ್ತು?

ಇನ್ನು ಮುನ್ನುಡಿಗಳ ಮಾತು. ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರ ಮುನ್ನುಡಿಯೂ ವೆಂಡೆಲ್ ಫಿಲಿಪ್ಸ್ ಅವರ ಪತ್ರವೂ ಜಾಮೀನಿನ ಕೆಲಸ ಮಾಡುತ್ತವೆ. ಇಬ್ಬರೂ ಪ್ರಾಮಾಣಿಕರು, ಚಳವಳಿಗೆ ಜೀವ ತೇದವರು. ಆದರೂ ಕಪ್ಪು ಮನುಷ್ಯನ ಮಾತಿಗೆ ಬಿಳಿಯರ ಜಾಮೀನು ಬೇಕಾಗಿತ್ತೆಂಬುದು ನಿಮ್ಮನ್ನು ಕಾಡುತ್ತಿದ್ದರೆ ಅದು ಸರಿಯಾದದ್ದೇ. ಡಗ್ಲಸ್ ಅವರನ್ನೂ ಅದು ಕಾಡಿತ್ತು. 1847ರಲ್ಲಿ ಅವರು ರಾಚೆಸ್ಟರಿನಲ್ಲಿ ಸ್ವಂತ ಪತ್ರಿಕೆ ಆರಂಭಿಸಿದರು, ಕ್ರಮೇಣ ಗ್ಯಾರಿಸನ್ ಅವರಿಂದ ದೂರವಾದರು. 1855ರಲ್ಲಿ ಬದುಕಿನ ಕಥೆಯನ್ನು ಹೊಸದಾಗಿ, ಇನ್ನೂ ವಿಸ್ತಾರವಾಗಿ ಬರೆದಾಗ ಮುನ್ನುಡಿ ಬರೆದವರು ಜೇಮ್ಸ್ ಮೆಕ್‌ಕ್ಯೂನ್ ಸ್ಮಿತ್: ಅಮೆರಿಕದ ಕಾಲೇಜುಗಳು ಸೇರಿಸಿಕೊಳ್ಳದ ಕಾರಣ ಗ್ಲಾಸ್ಗೋಗೆ ಹೋಗಿ ವೈದ್ಯಪದವಿ ಪಡೆದು ಬಂದ ಕಪ್ಪು ವೈದ್ಯರು. ಎರಡೂ ಪುಸ್ತಕಗಳ ಮೊದಲ ಪುಟಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ; ನಿಮ್ಮ ಪ್ರಬಂಧಕ್ಕೆ ಇಷ್ಟೇ ಸಾಕಾದೀತು.

ಸಾಹಿತ್ಯವೋ ಪ್ರಚಾರವೋ ಎಂಬುದನ್ನು ಪುಟ ತೆರೆದು ನೋಡಿಯೇ ತೀರ್ಮಾನಿಸಬೇಕು. ಐದನೆಯ ಅಧ್ಯಾಯದಲ್ಲಿ ಬಾಲ್ಯದ ಚಳಿಗಾಲದ ವಿವರಗಳಿವೆ. ಹಾಸಿಗೆಯಿಲ್ಲ, ಹೊದಿಕೆಯಿಲ್ಲ. ಗಿರಣಿಗೆ ಕಾಳು ಹೊರುವ ಚೀಲವೊಂದನ್ನು ಹುಡುಗ ಕದ್ದು ತಂದು, ಅದರೊಳಗೆ ತಲೆ ತೂರಿಸಿ, ಕಾಲು ಹೊರಗಿಟ್ಟು, ತಣ್ಣಗಿನ ಮಣ್ಣಿನ ನೆಲದ ಮೇಲೆ ಮಲಗುತ್ತಾನೆ. ಬೇಯಿಸಿದ ಮೆಕ್ಕೆಜೋಳದ ಹಿಟ್ಟನ್ನು ಮರದ ಮರಿಗೆಗೆ ಸುರಿದು ನೆಲದ ಮೇಲಿಟ್ಟರೆ, ಮಕ್ಕಳು ಹಂದಿಮರಿಗಳ ಹಾಗೆ ಮುತ್ತಿಕೊಂಡು, ಚಿಪ್ಪಿನಲ್ಲೋ ಮರದ ಚಕ್ಕೆಯಲ್ಲೋ ಬರಿಗೈಯಲ್ಲೋ ಬಾಚಿಕೊಳ್ಳುತ್ತಾರೆ. ಇದರ ನಡುವೆ ಒಂದು ವಾಕ್ಯ ಬರುತ್ತದೆ: ಚಳಿಗೆ ನನ್ನ ಪಾದಗಳು ಎಷ್ಟು ಬಿರಿದಿದ್ದವೆಂದರೆ, ನಾನೀಗ ಬರೆಯುತ್ತಿರುವ ಈ ಲೇಖನಿಯನ್ನು ಆ ಬಿರುಕುಗಳಲ್ಲಿ ಇಡಬಹುದಿತ್ತು. ಗಾಯದ ಆಳವನ್ನು ಅಳೆಯಲು ಅವರು ಬೆರಳನ್ನಾಗಲಿ ಕಡ್ಡಿಯನ್ನಾಗಲಿ ತರಲಿಲ್ಲ, ಕೈಯಲ್ಲಿದ್ದ ಲೇಖನಿಯನ್ನೇ ತಂದರು. ಚೀಲದೊಳಗೆ ತಲೆಯಿಟ್ಟು ಮಲಗಿದ ಹುಡುಗನೂ ಮೇಜಿನ ಮುಂದೆ ಕುಳಿತ ಲೇಖಕನೂ ಒಂದೇ ವಾಕ್ಯದಲ್ಲಿ ಸಂಧಿಸುತ್ತಾರೆ, ‘ಸ್ವತಃ ಬರೆದದ್ದು’ ಎಂಬ ಮಾತಿಗೆ ಬೇರೆ ಜಾಮೀನೇ ಬೇಡವಾಗುತ್ತದೆ. ಬರೀ ಕರಪತ್ರ ಬರೆಯುವವರ ಕೈಯಿಂದ ಇಂಥ ವಾಕ್ಯ ಬರುವುದಿಲ್ಲ. ಹಾಗೆಂದು ಇದನ್ನು ಚಳವಳಿಯಿಂದ ಬಿಡಿಸಿ ನೋಡಲೂ ಆಗದು, ಓದಿದವರು ಗುಲಾಮಗಿರಿಯ ವಿರುದ್ಧ ನಿಲ್ಲಬೇಕೆಂದೇ ಬರೆದ ವಾಕ್ಯವಿದು.

ಅವರು ಹೇಳದೆ ಬಿಟ್ಟದ್ದನ್ನೂ ಗಮನಿಸಿ. ತಾವು ಹೇಗೆ ತಪ್ಪಿಸಿಕೊಂಡೆವೆಂಬುದನ್ನು 1845ರಲ್ಲಿ ಅವರು ಬಾಯಿಬಿಡುವುದಿಲ್ಲ. ಹೇಳಿದರೆ ನೆರವಾದವರು ಸಿಕ್ಕಿಬೀಳುತ್ತಾರೆ, ಹಿಂದೆ ಬರುವವರ ದಾರಿ ಮುಚ್ಚುತ್ತದೆ. ‘ನೆಲದಡಿಯ ರೈಲುದಾರಿ’ ಎಂದು ಕರೆಯಲಾಗುತ್ತಿದ್ದ ಗುಪ್ತ ಜಾಲದ ಬಗ್ಗೆ ಬಹಿರಂಗವಾಗಿ ಮಾತನಾಡುವವರು ಅದನ್ನು ನೆಲದ ಮೇಲಿನ ರೈಲುದಾರಿಯನ್ನಾಗಿ ಮಾಡಿಬಿಟ್ಟಿದ್ದಾರೆ ಎಂದು ನೊಂದು ಬರೆಯುತ್ತಾರೆ. ನಾವಿಕನೊಬ್ಬನ ಕಾಗದಪತ್ರ ಇಟ್ಟುಕೊಂಡು, ನಾವಿಕನ ವೇಷದಲ್ಲಿ ರೈಲು ಹತ್ತಿದ ಕಥೆ ವಿವರವಾಗಿ ಬಂದದ್ದು 1881ರ ಮೂರನೆಯ ಆತ್ಮಕಥನದಲ್ಲಿ, ಗುಲಾಮಗಿರಿ ರದ್ದಾಗಿ ಹದಿನೈದು ವರ್ಷಗಳು ಕಳೆದ ಮೇಲೆ.

ಪ್ರಶ್ನೆ: ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯನ್ನು ಹಿಂದೆ ಓದಿದ್ದೆ. ಹ್ಯಾರಿಯೆಟ್ ಜೇಕಬ್ಸ್ ಅವರ ಆತ್ಮಕಥನವೂ ವಾಸ್ತವದಲ್ಲಿ ಕಾದಂಬರಿಯೇ ಎಂದು ಹಳೆಯ ಪುಸ್ತಕವೊಂದರಲ್ಲಿತ್ತು. ನಿಜವೇ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ನಿಜವಲ್ಲ, ಸರ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಜೇಕಬ್ಸ್ 1861ರ ಈ ಪುಸ್ತಕವನ್ನು ‘ಲಿಂಡಾ ಬ್ರೆಂಟ್’ ಎಂಬ ಹೆಸರಿನಲ್ಲಿ ಬರೆದರು, ಉಳಿದವರ ಹೆಸರುಗಳನ್ನೂ ಬದಲಿಸಿದರು. ಒಡೆಯನ ಲೈಂಗಿಕ ಪೀಡನೆಯ ಬಗ್ಗೆ ಹೆಂಗಸೊಬ್ಬಳು ಅಷ್ಟು ಮುಚ್ಚುಮರೆಯಿಲ್ಲದೆ ಬರೆಯುವಾಗ ಹೆಸರಿನ ಮರೆಯಾದರೂ ಬೇಕಾಗಿತ್ತು. ಆ ಮರೆಯಿಂದಾಗಿಯೇ ಇದು ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಅವರ ಕಲ್ಪನೆಯೆಂದು ನೂರು ವರ್ಷಕ್ಕೂ ಹೆಚ್ಚು ಕಾಲ ಹಲವರು ನಂಬಿದ್ದರು. ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಜೇಕಬ್ಸ್ ಅವರ ಪತ್ರಗಳನ್ನೂ ದಾಖಲೆಗಳನ್ನೂ ಹುಡುಕಿ, ಪುಸ್ತಕದ ಬಹುತೇಕ ಪಾತ್ರಗಳು ಉತ್ತರ ಕೆರೊಲಿನಾದ ಈಡೆಂಟನ್ ಪಟ್ಟಣದಲ್ಲಿ ಬದುಕಿದ್ದ ಜನರೆಂದು ತೋರಿಸಿ, 1987ರಲ್ಲಿ ಹೊಸ ಆವೃತ್ತಿ ತಂದರು. ನಿಮ್ಮ ಪುಸ್ತಕ ಅದಕ್ಕಿಂತ ಹಿಂದಿನದಿರಬೇಕು.

ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ಕಾದಂಬರಿಯ ಹಿರಿಮೆಯನ್ನು ನಾನು ಕಡಿಮೆ ಮಾಡುವುದಿಲ್ಲ. 1851ರ ಜೂನ್‌ನಿಂದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1852ರಲ್ಲಿ ಪುಸ್ತಕವಾಗಿ, ಮೊದಲ ವರ್ಷದಲ್ಲೇ ಅಮೆರಿಕವೊಂದರಲ್ಲೇ ಸುಮಾರು 3 ಲಕ್ಷ ಪ್ರತಿಗಳು ಹೋದವು. ಓಡಿಬಂದ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ 1850ರ ಕಾಯಿದೆಗೆ ಅದು ಉತ್ತರವಾಗಿ ನಿಂತಿತು. ಆದರೆ ಜೇಕಬ್ಸ್ ಅವರ ವಿಷಯದಲ್ಲಿ ಸ್ಟೋವ್ ನಡೆದುಕೊಂಡ ರೀತಿ ನನಗೆ ಒಪ್ಪಿಗೆಯಿಲ್ಲ. ಕಥೆ ಬರೆಯಲು ಜೇಕಬ್ಸ್ ಪರವಾಗಿ ಪತ್ರದಲ್ಲಿ ನೆರವು ಕೋರಿದಾಗ ಸ್ಟೋವ್, ಜೇಕಬ್ಸ್ ಕೆಲಸಕ್ಕಿದ್ದ ಮನೆಯ ಯಜಮಾನಿಗೇ ಆ ಗುಟ್ಟಿನ ಪತ್ರವನ್ನು ಕಳುಹಿಸಿ ನಿಜವೇ ಎಂದು ವಿಚಾರಿಸಿದರು. ತಮ್ಮ ಕಾದಂಬರಿಗೆ ಆಧಾರಗಳನ್ನು ಕಲೆಹಾಕುತ್ತಿದ್ದ ಪುಸ್ತಕದಲ್ಲಿ ಈ ಕಥೆಯನ್ನು ಬಳಸಿಕೊಳ್ಳುವೆನೆಂದರು. ಜೇಕಬ್ಸ್ ಒಪ್ಪಲಿಲ್ಲ. ಹಗಲೆಲ್ಲ ಆ ಮನೆಯ ಮಕ್ಕಳನ್ನು ನೋಡಿಕೊಂಡು, ಬಿಡುವು ಸಿಕ್ಕಾಗ, ಹೆಚ್ಚಾಗಿ ರಾತ್ರಿಯಲ್ಲಿ, ತಾವೇ ಬರೆದರು. ಪ್ರಕಾಶಕರು ದಿವಾಳಿಯಾದಾಗ ಅಚ್ಚಿನ ಫಲಕಗಳನ್ನು ತಾವೇ ಕೊಂಡು ಪುಸ್ತಕ ಹೊರತಂದರು.

ಆ ಪುಸ್ತಕದ ನಡುಭಾಗವನ್ನು ನಿಧಾನವಾಗಿ ಓದಿ. ಒಡೆಯನಿಂದ ತಪ್ಪಿಸಿಕೊಂಡ ಜೇಕಬ್ಸ್ ಸುಮಾರು ಏಳು ವರ್ಷ ಅಡಗಿದ್ದು ಅಜ್ಜಿಯ ಮನೆಯ ಅಟ್ಟದಲ್ಲಿ: 9 ಅಡಿ ಉದ್ದ, 7 ಅಡಿ ಅಗಲ, ಸೂರಿನ ಅತಿ ಎತ್ತರದ ಜಾಗದಲ್ಲೂ 3 ಅಡಿ. ಮಗ್ಗುಲು ಬದಲಿಸಿದರೆ ಮೈಗೆ ಸೂರು ತಾಗುತ್ತದೆ. ಬೆಳಕಿಲ್ಲ. ಕತ್ತಲಲ್ಲಿ ತಡವುವಾಗ ಬಡಗಿಯ ಬೈರಿಗೆಯೊಂದು ಸಿಗುತ್ತದೆ. ಅದರಿಂದ ಗೋಡೆಯಲ್ಲಿ ಸಣ್ಣ ತೂತುಗಳನ್ನು ಕೊರೆದು, ಅಂಗುಲದಷ್ಟು ಅಗಲ ಮಾಡಿಕೊಂಡು, ಬೀದಿಯಲ್ಲಿ ಆಡುವ ತಮ್ಮ ಮಕ್ಕಳನ್ನು ನೋಡುತ್ತಾರೆ. ಮಕ್ಕಳಿಗೆ ತಾಯಿ ಅಲ್ಲಿರುವುದು ತಿಳಿಯದು. ಅದೇ ಅಟ್ಟದಲ್ಲಿ ಕುಳಿತು ಒಡೆಯನಿಗೆ ಪತ್ರ ಬರೆದು, ನಂಬಿಕಸ್ಥರ ಕೈಯಲ್ಲಿ ನ್ಯೂಯಾರ್ಕಿಗೆ ಕಳುಹಿಸಿ, ಅಲ್ಲಿಂದ ಅಂಚೆಗೆ ಹಾಕಿಸುತ್ತಾರೆ. ಹತ್ತಿರದಲ್ಲೇ ಇರುವವಳನ್ನು ಒಡೆಯ ದೂರದ ಊರಿನಲ್ಲಿ ಹುಡುಕಲಿ ಎಂಬುದು ಆಕೆಯ ಲೆಕ್ಕ.

ಪ್ರಶ್ನೆ: ಜ್ಯೋತಿಬಾ ಫುಲೆ ಅವರ ‘ಗುಲಾಮಗಿರಿ’ಗೂ ಅಮೆರಿಕದ ಈ ಚಳವಳಿಗೂ ನಿಜವಾದ ಸಂಬಂಧವಿದೆಯೇ, ಹೆಸರು ಮಾತ್ರ ಹೋಲುತ್ತದೆಯೇ?
– ಓದುಗರು, ಬೆಳಗಾವಿ

ಉತ್ತರ: ಸಂಬಂಧವನ್ನು ಫುಲೆ ಅವರೇ ಬರೆದಿಟ್ಟಿದ್ದಾರೆ. ಅಮೆರಿಕದಲ್ಲಿ 1865ರ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾದ ಎಂಟು ವರ್ಷಗಳ ನಂತರ, 1873ರಲ್ಲಿ ಈ ಮರಾಠಿ ಪುಸ್ತಕ ಪ್ರಕಟವಾಯಿತು. ನೀಗ್ರೊ ಗುಲಾಮಗಿರಿಯ ವಿಷಯದಲ್ಲಿ ಅಮೆರಿಕದ ಸಜ್ಜನರು ತೋರಿದ ನಿಸ್ವಾರ್ಥ ತ್ಯಾಗವನ್ನು ಮೆಚ್ಚಿ ಫುಲೆ ಇದನ್ನು ಅವರಿಗೆ ಅರ್ಪಿಸಿದ್ದಾರೆ. ತಮ್ಮ ದೇಶಬಾಂಧವರೂ ಶೂದ್ರ ಸೋದರರ ಬಿಡುಗಡೆಗೆ ಆ ಮಾದರಿಯನ್ನು ಅನುಸರಿಸಲಿ ಎಂಬ ಆಸೆಯನ್ನು ಅಲ್ಲೇ ಹೇಳಿದ್ದಾರೆ. ಪುಸ್ತಕ ಮರಾಠಿಯಲ್ಲಿದ್ದರೂ ಅರ್ಪಣೆಯನ್ನೂ ಒಂದು ಮುನ್ನುಡಿಯನ್ನೂ ಅವರು ಇಂಗ್ಲಿಷಿನಲ್ಲೇ ಬರೆದರು. ನೀವು ಓದುವ ಅನುವಾದದಲ್ಲಿ ಈ ಎರಡೂ ಇವೆಯೇ ಎಂದು ಮೊದಲು ನೋಡಿಕೊಳ್ಳಿ, ಇದ್ದರೆ ಅಲ್ಲಿಂದಲೇ ಶುರು ಮಾಡಿ.