ಮೊದಲ ವಾಕ್ಯದಲ್ಲೇ ನಿಂತುಹೋದ ಪ್ರಬಂಧ

ಪ್ರಬಂಧ ಬರವಣಿಗೆಗೆ ಸಲಹೆ ಕೇಳಿ ಬಂದವರು ಪಿಎಚ್.ಡಿ. ಮೂರನೇ ವರ್ಷದ ಸಂಶೋಧಕಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ವಿಷಯ, ಮಲಗುವ ಮುನ್ನದ ಮೊಬೈಲ್ ಬಳಕೆ ಮತ್ತು ವಿದ್ಯಾರ್ಥಿಗಳ ನಿದ್ದೆ. ದತ್ತಾಂಶ, ಕೋಷ್ಟಕ ಎಲ್ಲ ಸಿದ್ಧ. ಪೀಠಿಕೆಯ ಮೊದಲ ವಾಕ್ಯವನ್ನು ಮಾತ್ರ ಬರೆದು ಅಳಿಸುವುದರಲ್ಲೇ ವಾರಗಳು ಕಳೆದಿದ್ದವು. "ಓದುವವರನ್ನ ಹಿಡಿದು ನಿಲ್ಲಿಸೋ ಹಾಗೆ ಶುರು ಮಾಡಿ ಅಂತಾರೆ ಗೈಡ್. ನನಗೆ ಹಾಗೆಲ್ಲ ಬರೆಯೋಕೆ ಬರಲ್ಲ, ಮೇಡಂ."

ಕರಡು ಹೀಗೆ ಶುರುವಾಗಿತ್ತು: "ಇಂದಿನ ಆಧುನಿಕ ಯುಗದಲ್ಲಿ ಮೊಬೈಲ್ ಮಾನವನ ಬದುಕಿನ ಅವಿಭಾಜ್ಯ ಅಂಗವಾಗಿದೆ." ಸುಳ್ಳೇನಲ್ಲ. ಆದರೆ ಬ್ಯಾಂಕಿಂಗ್ ಬಗೆಗಿನ ಪ್ರಬಂಧಕ್ಕೂ ಜಾಹೀರಾತಿನ ಪ್ರಬಂಧಕ್ಕೂ ಇದನ್ನೇ ಅಂಟಿಸಬಹುದು. 'ನಿದ್ದೆ' ಎಂಬ ಪದ ಕಾಣಿಸಿದ್ದು ಎರಡನೇ ಪುಟದಲ್ಲಿ. ಪರಿಶೀಲಕರು ಅಷ್ಟು ಹೊತ್ತು ಕಾಯುವುದಿಲ್ಲ.

ತೊಡಕು ಭಾಷೆಯದಲ್ಲ, ಬರೆಯುವ ಕ್ರಮದ್ದು. ಸಂಶೋಧನಾ ಬರವಣಿಗೆಯನ್ನು ಅಧ್ಯಯನ ಮಾಡಿದ ಭಾಷಾತಜ್ಞ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮಾದರಿಯಲ್ಲಿ ಪೀಠಿಕೆಗೆ ಮೂರು ನಡೆಗಳು: ಕ್ಷೇತ್ರದ ಪರಿಚಯ, ಅಲ್ಲಿ ಉಳಿದ ಕೊರತೆ, ಅದನ್ನು ಈ ಪ್ರಬಂಧ ತುಂಬುವ ಬಗೆ. ಓದುಗರಿಗೆ ಈ ಕ್ರಮ ಸರಿ. ಬರೆಯುವಾಗ ಹಿಂದಿನಿಂದ ಬನ್ನಿ ಎಂದು ಹೇಳಲಾಯಿತು. ಮೊದಲ ಸಾಲಿನ ಜಾಗದಲ್ಲಿ 'ಆಮೇಲೆ' ಎಂದಷ್ಟೇ ಬರೆದಿಟ್ಟು, "ಈ ಅಧ್ಯಯನದಲ್ಲಿ ನಾವು…" ಎಂಬ ಕೊನೆಯ ಪ್ಯಾರಾ ಮೊದಲು, ನಂತರ ಕೊರತೆ. ಸಂಶೋಧಕಿಯ ಬಲವೂ ಅಲ್ಲೇ ಹೊರಬಿತ್ತು: ನಿದ್ದೆಯನ್ನು ಪ್ರಶ್ನಾವಳಿಯಿಂದಲ್ಲ, ಮಣಿಕಟ್ಟಿಗೆ ಕಟ್ಟುವ ಸಾಧನದಿಂದ ಅಳೆದಿದ್ದರು. ಇದನ್ನು ವಿಧಾನದ ಭಾಗದಲ್ಲಿ ಹೂತಿಟ್ಟಿದ್ದರು!

ಹೊಸ ಆರಂಭ ಅದರಿಂದಲೇ ಹುಟ್ಟಿತು: "ಮಲಗುವ ಮುನ್ನ ಮೊಬೈಲ್ ನೋಡುವವರಿಗೆ ನಿದ್ದೆ ತಡವಾಗಿ ಹತ್ತುತ್ತದೆ ಎನ್ನುವ ಹಲವು ಅಧ್ಯಯನಗಳು, ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು ಎಂಬುದಕ್ಕೆ ಭಾಗವಹಿಸಿದವರ ನೆನಪನ್ನೇ ನೆಚ್ಚಿಕೊಂಡಿವೆ." ಪ್ರಬಂಧದ ಮುಖ್ಯ ಪದಗಳು, ತೀರ್ಮಾನಕ್ಕೂ ಅದರ ಆಧಾರಕ್ಕೂ ನಡುವಿನ ಒಂದು ಎಳೆದಾಟ, ಎರಡೂ ಇಲ್ಲಿವೆ. ವಾಕ್ಯದ ಕೊನೆಗೆ ಆ ಅಧ್ಯಯನಗಳ ಉಲ್ಲೇಖ ಕಡ್ಡಾಯ. ಉಲ್ಲೇಖವಿಲ್ಲದ 'ಹಲವು' ಬರೀ ಗಾಳಿಮಾತು.

ಅವರು ಬರೆದಿಟ್ಟುಕೊಂಡಿದ್ದ ಬೇರೆ ಆರಂಭಗಳಲ್ಲಿ ನಿಘಂಟಿನ ಅರ್ಥವನ್ನೂ "ನಿದ್ದೆಯಿಲ್ಲದೆ ಬದುಕಬಹುದೇ?" ಎಂಬ ಪ್ರಶ್ನೆಯನ್ನೂ ಕೈಬಿಡಿಸಲಾಯಿತು, ಉತ್ತರ ಎಲ್ಲರಿಗೂ ಗೊತ್ತಿರುವ ಪ್ರಶ್ನೆ ಯಾರನ್ನೂ ಹಿಡಿಯದು. "ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲ" ಎಂಬುದು ಇನ್ನೂ ಅಪಾಯ, ಪರಿಶೀಲಕರು ಒಂದೇ ಒಂದು ಪ್ರಬಂಧ ತೋರಿಸಿದರೆ ಮುಗಿಯಿತು. 'ಆಕರ್ಷಕ' ಎಂದರೆ ಅಲಂಕಾರ ಎಂಬ ಭಯ ಬಿಡಿಸಲು ಒಂದು ಉದಾಹರಣೆ ಸಾಕಾಯಿತು: ವಾಟ್ಸನ್ ಮತ್ತು ಕ್ರಿಕ್ 1953ರ ತಮ್ಮ ಪ್ರಬಂಧವನ್ನು, ಡಿಎನ್‌ಎಗೆ ಒಂದು ರಚನೆ ಸೂಚಿಸಬಯಸುತ್ತೇವೆ ಎಂಬ ಸಾದಾ ಮಾತಿನಿಂದಲೇ ತೆರೆದರು.

ಮುಂದಿನ ಭೇಟಿಯ ಹೊತ್ತಿಗೆ ಪೀಠಿಕೆ ಮುಗಿದಿತ್ತು. ಆದರೆ ಇಷ್ಟವಾದ ಆ ವಾಕ್ಯವನ್ನೇ ಸಾರಾಂಶದ ತಲೆಗೂ ಇಟ್ಟಿದ್ದರು. ಸಾರಾಂಶ ಓದಿ ತಕ್ಷಣ ಪೀಠಿಕೆಗೆ ಬರುವವರಿಗೆ ಅದು ಹಳಸಲು. ಸಾರಾಂಶದಲ್ಲಿ ಕೊರತೆಯನ್ನು ಅರ್ಧ ಸಾಲಿಗೆ ಇಳಿಸಿ, ನೇರ ವಿಧಾನಕ್ಕೆ ಹೋಗಲು ಹೇಳಲಾಗಿದೆ.