ಅರ್ಧ ಕಟ್ಟದಲ್ಲಿ ನೀರು ನಿಲ್ಲುವುದಿಲ್ಲ, ಮಾರಾಯಾ

"ನಿಮ್ಮ ಕೇರಳದಲ್ಲಿ ಅಷ್ಟೊಂದು ಮಳೆ ಬರುತ್ತೆ, ಪಂಚಾಯ್ತಿಗಳ ಕೈಯಲ್ಲಿ ದುಡ್ಡೂ ಇದೆಯಂತೆ. ಮತ್ತೆ ನೀವ್ಯಾಕೆ ಇನ್ನೂ ಮಣ್ಣು ಕಲ್ಲು ಹೊತ್ತುಕೊಂಡು ಒದ್ದಾಡ್ತೀರಿ? ಒಂದು ಅರ್ಜಿ ಕೊಟ್ಟು ಸಿಮೆಂಟಿನದ್ದು ಮಾಡಿಸ್ಕೊಳ್ಳಿ" ಎಂದು ಮೊನ್ನೆ ಬೆಂಗಳೂರಿನಿಂದ ಫೋನಿನಲ್ಲಿ ಹೇಳಿದೆಯಲ್ಲ. ಆಗ ಮನೆಯಲ್ಲಿ ನೆಂಟರಿದ್ದರು, ಮಾತು ಮುಂದುವರಿಸಲಿಲ್ಲ. ಈಗ ಕೇಳು.

ಮಳೆ ಬರುವುದು ನಿಜ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್. ಆದರೆ ಹೆಚ್ಚಿನದ್ದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಗುಡ್ಡ ಇಳಿದು, ಕಡಲು ಸೇರಿಬಿಡುತ್ತದೆ. ಫೆಬ್ರವರಿಗೆ ತೋಡು, ಅಂದರೆ ಊರಿನ ಸಣ್ಣ ಹಳ್ಳ, ಸೊರಗುತ್ತದೆ. ಅಡಿಕೆ ತೋಟಕ್ಕೆ ನೀರು ಬೇಕಾಗುವುದೇ ಆಗ. ಅದಕ್ಕೇ ನಮ್ಮ ಹಿರಿಯರು ಗುಡ್ಡದ ಮುರಕಲ್ಲಿನೊಳಗೆ (ಜಂಬಿಟ್ಟಿಗೆಯೊಳಗೆ) ನೀರಿಗಾಗಿ ಸುರಂಗ ಕೊರೆದರು, ತೋಡಿಗೆ ಅಡ್ಡ ಕಟ್ಟ, ಅಂದರೆ ಮಣ್ಣು ಕಲ್ಲಿನ ಒಡ್ಡು, ಕಟ್ಟಿದರು. ಸುರಂಗದ ಕಥೆ ದೊಡ್ಡದು, ಇನ್ನೊಮ್ಮೆ ಹೇಳುತ್ತೇನೆ. ಕರೆಂಟು ಬೇಡ, ಪಂಪು ಬೇಡ, ನೀರು ತಾನಾಗಿ ಹೊರಗೆ ಹರಿದು ಬರುತ್ತದೆ ಎಂಬುದಷ್ಟು ಗೊತ್ತಿರಲಿ.

ಕಟ್ಟ ಕಟ್ಟಲು ಹದ ಗೊತ್ತಿರಬೇಕು. ಹಿಂಗಾರು ಮುಗಿದು ತೋಡಿನ ಸೆಳೆತ ತಗ್ಗಬೇಕು, ಆದರೆ ಹರಿವು ನಿಂತಿರಬಾರದು. ಆ ಹೊತ್ತು ಡಿಸೆಂಬರ್ ಕೊನೆಗೆ ಬರುತ್ತದೆ, ಕೆಲವು ವಾರವಷ್ಟೇ ಇರುತ್ತದೆ. ಅಡ್ಡಕ್ಕೆ ಎರಡು ಸಾಲು ಕಲ್ಲು ಪೇರಿಸಿ, ನಡುವೆ ಮಣ್ಣು ತುಂಬಿ, ಕಾಲಿನಲ್ಲಿ ತುಳಿಯುತ್ತಾರೆ. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಮರಳು ಜಾಸ್ತಿ ಇರುವ ಮಣ್ಣು ಆಗುವುದಿಲ್ಲ, ಅಂಟು ಬೇಕು. ಒಂದು ಕಡೆ ಹೆಚ್ಚಿನ ನೀರು ಹೋಗಲು ದಾರಿ ಬಿಡಬೇಕು. ಆಮೇಲೆ ಏಡಿಗಳು ಬಿಲ ಕೊರೆಯುತ್ತವೆ. ಎಲ್ಲಿ ಜಿನುಗುತ್ತದೆ ಎಂದು ನೀರಿಗಿಳಿದು, ಅಂಗೈ ಆಡಿಸಿ ನೋಡಬೇಕು. ಸೆಳೆತ ತಾಗಿದಲ್ಲಿ ಸೊಪ್ಪು, ಮಣ್ಣು ತುರುಕಿ ಮೆಟ್ಟಬೇಕು. ಮುಂಗಾರಿನ ಮೊದಲ ದೊಡ್ಡ ನೆರೆಗೆ ಅಷ್ಟೂ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಕಟ್ಟುತ್ತೇವೆ.

ಒಂದೇ ಕಟ್ಟದಿಂದ ದೊಡ್ಡ ಪ್ರಯೋಜನವಿಲ್ಲ. ಸಾಲಾಗಿ ಇರಬೇಕು. ಕೆಳಗಿನ ಕಟ್ಟದ ನೀರು ಮೇಲಿನ ಕಟ್ಟದ ಬುಡದವರೆಗೆ ನಿಂತರೆ ಎಲ್ಲವೂ ಬಾಳುತ್ತವೆ. ನಮ್ಮ ಜಿಲ್ಲೆಯ ಏತಡ್ಕದಲ್ಲಿ ಹೀಗೆ ಸಾಲು ಕಟ್ಟಗಳನ್ನು ಊರವರೇ ಹಲವು ದಶಕಗಳಿಂದ ಕಟ್ಟಿಕೊಂಡು ಬಂದಿದ್ದಾರೆ. ಸುತ್ತಲಿನ ಬಾವಿಗಳಿಗೂ ಅದರಿಂದ ನೀರು. ನಮ್ಮಲ್ಲಿ ಯಾರು ಎಷ್ಟು ಆಳು ಕೊಡಬೇಕು, ಯಾರ ಜಾಗದಿಂದ ಮಣ್ಣು ತೆಗೆಯಬೇಕು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ತೋಟ ಎಷ್ಟಿದೆಯೋ ಅದರ ಮೇಲೆ ಪಾಲು. ಹವ್ಯಕರು, ಬಂಟರು, ಬ್ಯಾರಿಗಳು, ಮರಾಟಿಗಳು ಎಲ್ಲ ಸೇರುತ್ತಾರೆ, ಮಾತುಕತೆ ತುಳುವಿನಲ್ಲಿ. ಬೋರ್‌ವೆಲ್ ತೆಗೆಸಿದ ಮೇಲೆ ಕೆಲವರು "ನನಗೆ ತೋಡಿನ ನೀರು ಬೇಡ, ಪಾಲೂ ಕೊಡುವುದಿಲ್ಲ" ಎನ್ನುತ್ತಾರೆ. ಅವರ ಬೋರಿಗೆ ನೀರು ಇಂಗುವುದು ಎಲ್ಲಿಂದ? ಈ ಜಗಳ ಎಲ್ಲ ಊರಿನಲ್ಲೂ ಇದೆ, ಬಿಡು.

ನಮ್ಮ ನಿಜವಾದ ಗೋಜಲು ಬೇರೆ. ನಮ್ಮ ಕಟ್ಟದ ಒಂದು ದಡ ಕೇರಳ, ಇನ್ನೊಂದು ದಡ ಕರ್ನಾಟಕ.

ಪಂಚಾಯಿತಿಯ ಬಗ್ಗೆ ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. 1996ರಲ್ಲಿ ಕೇರಳದಲ್ಲಿ ಜನಕೀಯ ಆಸೂತ್ರಣ (ಊರಿನ ಯೋಜನೆಯನ್ನು ಊರವರೇ ಮಾಡುವ ಕ್ರಮ) ಶುರುವಾದಾಗ ರಾಜ್ಯದ ಯೋಜನಾ ಹಣದ ಮೂರನೇ ಒಂದು ಪಾಲಿಗಿಂತ ಜಾಸ್ತಿಯನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವ ತೀರ್ಮಾನವಾಯಿತು. ಇಲ್ಲಿ ಗ್ರಾಮಸಭೆ ವಾರ್ಡಿಗೊಂದು. ಎದ್ದು ನಿಂತು ಕೇಳಿದರೆ ಉತ್ತರ ಸಿಗುತ್ತದೆ. ಇದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಆ ಸಭೆಯ ಅಧಿಕಾರ ತೋಡಿನ ನಡುವಿಗೆ ಮುಗಿಯುತ್ತದೆ. ಎಸ್ಟಿಮೇಟ್ ಬರೆಯಲು ಬಂದವರು ಟೇಪು ಹಿಡಿದು ಮಧ್ಯದ ಬಂಡೆಯವರೆಗೆ ಅಳೆದು ನಿಲ್ಲಿಸಿದರು. ಮುಂದಿನದು ನಮ್ಮ ವ್ಯಾಪ್ತಿಯಲ್ಲ ಎಂದರು. ಈಚೆ ತೊಳಿಲುರಪ್ಪಿನ (ನರೇಗಾಕ್ಕೆ ಮಲಯಾಳದ ಹೆಸರು) ಹೆಂಗಸರು, ಆಚೆ ನರೇಗಾದವರು. ಎರಡೂ ಕೇಂದ್ರದ ಒಂದೇ ಉದ್ಯೋಗ ಖಾತರಿ ಯೋಜನೆಯಾಗಿತ್ತು. ಆದರೂ ಈಚೆಯವರು ಬಂಡೆ ದಾಟಿ ಕಲ್ಲಿಟ್ಟರೆ ಹಾಜರಿ ಸಿಗುತ್ತಿರಲಿಲ್ಲ. ಅರ್ಧ ಕಟ್ಟದಲ್ಲಿ ನೀರು ನಿಲ್ಲುತ್ತದೆಯೇ?

ಸಿಮೆಂಟಿನ ಕಿಂಡಿ ಅಣೆಕಟ್ಟು ಕೇಳಲಿಲ್ಲ ಎಂದುಕೊಳ್ಳಬೇಡ. ಆಚೆ ಕಡೆ ಅಂಥ ಅಣೆಕಟ್ಟು ಕಟ್ಟುವ ಕರ್ನಾಟಕದ ಪಶ್ಚಿಮವಾಹಿನಿ ಯೋಜನೆ ಇದೆ, ಈಚೆ ಕಡೆ ಕೇರಳದ ಸಣ್ಣ ನೀರಾವರಿ ಇಲಾಖೆ ಇದೆ. ಎರಡೂ ದಡದವರ ಒಪ್ಪಿಗೆ ಪತ್ರ ಬೇಕೆಂದರು. ಆಚೆ ದಡದ ಅಣ್ಣ ಕನ್ನಡದಲ್ಲಿ ಬರೆದು, ಜೊತೆಗೆ ಆರ್‌ಟಿಸಿ (ಪಹಣಿ) ಕೊಟ್ಟರು. ಈಚೆ ಕಚೇರಿಗೆ ತೆಂಕು ಜಿಲ್ಲೆಯಿಂದ ಹೊಸದಾಗಿ ಬಂದ ಅಧಿಕಾರಿಗೆ ಓದಲು ಬರಲಿಲ್ಲ, ಮಲಯಾಳಕ್ಕೆ ಮಾಡಿಸಿ ತನ್ನಿ ಎಂದರು. ನಮ್ಮ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವುದು, ಕನ್ನಡದಲ್ಲೇ ಉತ್ತರ ಪಡೆಯುವುದು 1969ರ ಕೇರಳದ ಭಾಷಾ ಕಾನೂನೇ ಕೊಟ್ಟ ಹಕ್ಕು. ಅದನ್ನು ಹೇಳಿದೆ. ವಾದ ಮಾಡುತ್ತಾ ನಿಂತರೆ ಜನವರಿ ದಾಟುತ್ತದೆ ಎಂದು ಮಲಯಾಳಕ್ಕೂ ಮಾಡಿಸಿದೆ. ಅದರಲ್ಲಿ ತೋಡಿನ ಹೆಸರಿನ ಅಕ್ಷರ ಬದಲಾಗಿ, ನಕ್ಷೆಗೆ ಹೊಂದುವುದಿಲ್ಲ ಎಂದು ಫೈಲು ವಾಪಸು ಬಂತು. ಆ ವರ್ಷವೂ ನಾವೇ ಮಣ್ಣು ಹೊತ್ತೆವು.

ಈ ಗಡಿ ಗೆರೆ ಬಿದ್ದದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೊದಲು ಎರಡು ದಡವೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ನನ್ನ ಅಜ್ಜ ಕಟ್ಟ ಕಟ್ಟುವಾಗ ಗೆರೆ ಇರಲಿಲ್ಲ, ಮಣ್ಣು ಇತ್ತು, ನೆರೆಮನೆಯವರು ಇದ್ದರು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಆಗಲಿಲ್ಲ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿದರು, ಆ ಆಸೆ ಕೈಗೂಡುವುದನ್ನು ನೋಡದೆಯೇ 2015ರಲ್ಲಿ ತೀರಿಕೊಂಡರು. ನಾನೀಗ ಗೆರೆ ಅಳಿಸಿ ಎಂದು ಕೇಳುತ್ತಿಲ್ಲ. ಆದರೆ ನೀನು "ನೀವು ಮಲಯಾಳಿಗಳು" ಎಂದಾಗ ನೋವಾಗುತ್ತದೆ. ಇಲ್ಲಿ ಕಚೇರಿಯಲ್ಲಿ "ಕರ್ನಾಟಕದವರಾ?" ಎಂದು ಕೇಳಿದಾಗಲೂ ಅಷ್ಟೇ. ನಾನು ಕನ್ನಡ ಶಾಲೆಯಲ್ಲಿ ಓದಿದವನು, ಕೇರಳದಲ್ಲಿ ಮತ ಹಾಕುವವನು. ಎರಡೂ ನನ್ನವೇ.

2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೊರಟವರು ದಾರಿಯಲ್ಲೇ ಉಳಿದರು. ಆ ದಿನಗಳಲ್ಲೂ ಕಟ್ಟದಲ್ಲಿ ನೀರಿತ್ತು. ಆಚೆಯ ಅಣ್ಣ ಅವರ ದಡದಿಂದ, ನಾನು ನನ್ನ ದಡದಿಂದ ಇಳಿದು ಸೋರುವ ಕಡೆ ಮೆಟ್ಟಿದೆವು. ಬಿಟ್ಟರೆ ಇಬ್ಬರ ತೋಟವೂ ಒಣಗುತ್ತಿತ್ತು.

ಈ ಸಲ ಎರಡೂ ಪಂಚಾಯಿತಿಗಳಿಗೆ ಒಂದೇ ಪತ್ರ ಕೊಟ್ಟಿದ್ದೇವೆ, ಕನ್ನಡದಲ್ಲೂ ಮಲಯಾಳದಲ್ಲೂ. ಇಬ್ಬರೂ ಒಂದೇ ದಿನ ತೋಡಿನ ಹತ್ತಿರ ಬನ್ನಿ, ಪೂರ್ತಿ ಅಗಲ ಅಳೆಯಿರಿ, ಖರ್ಚು ಅರ್ಧರ್ಧ ಬರೆದುಕೊಳ್ಳಿ ಎಂದು ಕೇಳಿದ್ದೇವೆ. ಒಂದು ಕಡೆಯವರು ಒಪ್ಪಿದ್ದಾರೆ. ಇನ್ನೊಂದು ಕಡೆ ಮೇಲಿನವರ ಅನುಮತಿ ಬೇಕಂತೆ. ನಿನಗೆ ವಿಧಾನಸೌಧದ ಹತ್ತಿರ ಗುರುತಿನವರು ಇದ್ದಾರಲ್ಲ, ಆ ಅನುಮತಿ ಯಾರು ಕೊಡಬೇಕು ಎಂದು ಕೇಳಿ ಹೇಳುತ್ತೀಯಾ? ಡಿಸೆಂಬರ್ ಮೊದಲು ಗೊತ್ತಾದರೆ ಒಳ್ಳೆಯದು.